ಕರೆಂಟು ಹೋದ ಜಾಗ

ಮಂಡಿಪೇಟೆಯ ಓಣಿಯೊಳಗೆ ಇನಾಯತ್ ಮಾಸ್ತರರ ರೇಡಿಯೋ ಅಂಗಡಿ.
ಬೆಲ್ಟು ತುಂಡಾದ ಟೇಪ್‌ರೆಕಾರ್ಡರು ಕೊಟ್ಟುಹೋದ
ಮಲೇಶಿಯಾದ ಮೆಡಿಕಲ್ ಹುಡುಗ ಲಿಮ್
ಮತ್ತೆ ಬರಲಿಲ್ಲ.
ಅನಾಟಮಿ ಮೂರನೇ ಸಲ ಫೇಲು ಅಂದರು,
ಪ್ರೀತಿ ಅಂದರು,
ಒಟ್ಟಿನಲ್ಲಿ ಹದಿನೆಂಟು ರೂಪಾಯಿ ಬಾಕಿ.
ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿದ್ದ ಕ್ಯಾಸೆಟ್ಟನ್ನು
ಪೆನ್ಸಿಲ್ ತೂರಿಸಿ ಸುತ್ತಿ ಬಿಡಿಸಿದವನು ನಾನು.
ವಯಸ್ಸು ಹದಿನೇಳು, ಬೆರಳ ತುಂಬ ಸೋಲ್ಡರಿನ ಕಲೆ.

ಒಂದು ಬದಿಗೆ ಒಂದೇ ಹಾಡು.
ಇಪ್ಪತ್ತೊಂದು ನಿಮಿಷ!
ಅಷ್ಟರಲ್ಲಿ ಬಸ್ಸು ಹರಿಹರ ಮುಟ್ಟುತ್ತದೆ.
ಪಲ್ಲವಿಗಾಗಿ ಕಾದೆ. ಬಂತು, ಹದಿನಾಲ್ಕನೇ ನಿಮಿಷಕ್ಕೆ,
ಮದುವೆಗೆ ಬರಲ್ಲವೆಂದು ಮುನಿದಿದ್ದ ಸೋದರಮಾವ
ಎರಡನೇ ಪಂಕ್ತಿಗೆ ಬಂದು ಕೂತ ಹಾಗೆ.
ಅಲ್ಲಿಯವರೆಗೆ ಆರ್ಗನ್ನು, ಕೊಳಲು,
ಮತ್ತೆ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಜರಡಿಯಾದಂತೆ
ಟೇಪಿನ ಸರ್ರೆನ್ನುವ ಸದ್ದು.
ಅದೂ ಸಂಗೀತವೇ ಅಂದುಕೊಂಡಿದ್ದೆ. ಈಗಲೂ.

ಅಪ್ಪ ಗಿರಣಿಯಿಂದ ಬಂದ, ತಲೆಗೂದಲಲ್ಲಿ ಹತ್ತಿಯ ನವಿರು.
ಸ್ಪಿನ್ನಿಂಗಿನಲ್ಲಿ ನಿಂತೂ ನಿಂತೂ
ಎಡಗಿವಿಯನ್ನು ಗಿರಣಿಗೇ ಬರೆದುಕೊಟ್ಟವನು.
ಉಳಿದ ಕಿವಿ ಸ್ಪೀಕರಿಗೆ ಹಚ್ಚಿ
ತೊಡೆಯ ಮೇಲೆ ಎಣಿಸಿದ
(ಸೋಮವಾರದ ಭಜನೆಯ ದಮ್ಮಡಿ ಹಿಡಿದ ಕೈ ಅದು)
ತಕಿಟ ತಕಧಿಮಿ, ತಕಿಟ ತಕಧಿಮಿ.
‘ಏಳರ ಲೆಕ್ಕ ಐತಲೇ ಇದು.
ಒಂದು ಕಾಲು ಗಿಡ್ಡ ಇದ್ದಾಂವ ಓಡಿದಂಗ.
ಆದ್ರ ಬೀಳವಲ್ಲ ನೋಡು, ಬೀಳವಲ್ಲ.’
ಆಮೇಲೆ ನಾನು ಓದಿದ ವಿಮರ್ಶೆಯೆಲ್ಲ
ಈ ಮಾತಿನ ಮುಂದೆ ಉಪ್ಪಿಲ್ಲದ ಸಾರು.

ಕತೆ ಒಬ್ಬ ದೀಪಗಂಬದ ಕಾವಲುಗಾರನದು.
ಅಷ್ಟು ತಿಳಿಯಲಿಕ್ಕೆ ಒಂದು ವರ್ಷ, ಒಂದು ಹರಕು ಡಿಕ್ಷನರಿ.
ಸಮುದ್ರ ಕಾಣದ ಊರು;
ಕುಂದವಾಡ ಕೆರೆಯನ್ನೇ ಹಿಗ್ಗಿಸಿ ಹಿಗ್ಗಿಸಿ ಕಡಲು ಮಾಡಿದೆ,
ಗಿರಣಿಯ ಚಿಮಣಿಯ ತುದಿಗೆ ದೀಪ ಇಟ್ಟೆ.
ಬಾಕಿ ಪುಸ್ತಕದ ಹಿಂಬದಿಯಲ್ಲಿ
ಕೇಳಿದ್ದನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆದೆ.
ಪಲ್ಲವಿಯಲ್ಲಿ ಆತ ಕೂಗುತ್ತಿದ್ದ, ಆಣೆ ಮಾಡಿ ಹೇಳುತ್ತೇನೆ,
‘ದಾವಣಗೆರೇ…’
ಮಾಸ್ತರರು ಬೀಡಿ ತೆಗೆದು ಕೇಳಿದರು,
‘ಹೌದಲ್ಲೋ, ನಮ್ಮೂರೇ.’
‘ದ ವನ್, ಅಗೇನ್, ಅ ರೇ’.
ಅದೇ ಒಂದು, ಮತ್ತೆ, ಒಂದು ಕಿರಣ
ಎಂದು ತಿಳಿದದ್ದು ಮೊನ್ನೆ.
ತಿಳಿದು ಏನು ಮಾಡಲಿ?

ಕೊನೆಯ ಹಾಡು. ದೀಪ ಆರಿದೆ, ಹಡಗು ಬಂಡೆಯ ಹತ್ತಿರ,
ಆತ ಕಡ್ಡಿ ಗೀರುತ್ತಾನೆ.
ಟಕ್.
ಎಲ್ಲ ನಿಂತು, ಒಬ್ಬ ಹೆಂಗಸು ಮಾತಾಡುತ್ತಾಳೆ.
ಹನ್ನೊಂದು ಸೆಕೆಂಡು, ಇಂಗ್ಲಿಷೂ ಅಲ್ಲದ ಮಾತು,
ಹಿಂದೆ ಎಲ್ಲೋ ಒಂದು ಕೋಳಿ.
ಕಾವಲುಗಾರನ ಹೆಂಡತಿ ಎಂದು ಕೊಂಡಾಡಿದೆ:
ಎಂಥ ಧೈರ್ಯ ಈ ಬ್ಯಾಂಡಿನವರದು,
ಹಡಗು ಏನಾಯಿತೆಂದು ಹೇಳದೆ ಬಿಡುವುದು!
ಏನಂತಾಳಪ್ಪ, ಎಂದರೆ
‘ಊಟಕ್ಕ ಕರೀತಾಳ. ಅಷ್ಟೂ ತಿಳೀವಲ್ದಾ?’
ಎಂದು ಕೈ ತೊಳೆಯಲು ಎದ್ದ.

ಮೊನ್ನೆ ಸೊಸೆ ಫೋನಿನಲ್ಲಿ ಪೂರ್ತಿ ಆಲ್ಬಂ ಹುಡುಕಿಕೊಟ್ಟಳು,
ಬೂದಿ ಹಚ್ಚಿ ತಿಕ್ಕಿದ ಸ್ಟೀಲು ಲೋಟದಂತೆ.
ಕಡ್ಡಿ ಗೀರಿದ ಮೇಲೆ ಇನ್ನೂ ನಾಲ್ಕು ನಿಮಿಷ,
ಗಿಟಾರು ಮೆಟ್ಟಿಲು ಮೆಟ್ಟಿಲು ಹತ್ತಿ,
ಹಡಗು ಉಳಿಯುತ್ತದೆ.
ಚೆನ್ನಾಗಿದೆ. ಸುಳ್ಳೇಕೆ, ಕಣ್ಣು ಒದ್ದೆಯಾಯಿತು.
ಹೆಂಗಸು ಮಾತ್ರ ಇಲ್ಲ.
ಎರಡು ಸಲ ಹಿಂದೆ ಎಳೆದು ನೋಡಿದೆ.

ಹಾಡು ತುಂಬಿಕೊಳ್ಳುವಾಗ ಲಿಮ್‌ನ ರೂಮಿನಲ್ಲಿ
ಕರೆಂಟು ಹೋಗಿರಬೇಕು.
ಅಳಿಸದೆ ಉಳಿದದ್ದು
ಮನೆಯವರು ಕ್ಯಾಸೆಟ್ಟಿನಲ್ಲಿ ಕಳಿಸಿದ ಕಾಗದದ ಬಾಲ.

ಬಾಕಿ ಪುಸ್ತಕ ಇನ್ನೂ ಇದೆ.
ಅವಳ ಹನ್ನೊಂದು ಸೆಕೆಂಡೂ ಅದರಲ್ಲಿದೆ,
ಕನ್ನಡ ಅಕ್ಷರದಲ್ಲಿ, ಕೋಳಿ ಸಮೇತ.

ಲಿಮ್, ಹದಿನೆಂಟು ರೂಪಾಯಿ ಬಿಟ್ಟೆ.
ಈ ಕಡೆ ಬಂದರೆ ಅವಳು ಏನಂದಳೆಂದು ಹೇಳಿ ಹೋಗು.
ಊಟದ ಮಾತು ಅಲ್ಲದಿದ್ದರೆ
ಅಪ್ಪನ ಫೋಟೋದ ಎದುರು ಬೇಡ,
ಹೊರಗೆ ಕಟ್ಟೆಯ ಮೇಲೆ ಕೂತು ಹೇಳು.